ಎಡಗಡೆ ಹಿಂದಿನ ಗಾಲಿ

ಶ್ರೀಶೈಲನ ಹಳೇ ಓಮ್ನಿ ಗ್ಯಾರೇಜಿನೊಳಗೆ ಬಂದ ರೀತಿ ನೋಡಿಯೇ ನಾನು ಕೈಯಲ್ಲಿದ್ದ ಕೆಲಸ ಬಿಟ್ಟು ಎದ್ದೆ. ಬ್ರೇಕ್ ಮುಟ್ಟದೆ, ಮೊದಲ ಗೇರಿನಲ್ಲಿ ತೆವಳುತ್ತ ಬಂದು, ಹಳೇ ಟೈರುಗಳ ರಾಶಿಗೆ ಮೂತಿ ಆನಿಸಿ ನಿಂತಿತು. ಬ್ರೇಕಿನ ಮೇಲೆ ನಂಬಿಕೆ ಇರುವವರು ಯಾರೂ ಹಾಗೆ ಗಾಡಿ ನಿಲ್ಲಿಸುವುದಿಲ್ಲ.

ಇದು ಮೂರನೇ ಸಲ. ಅದೇ ಗಾಡಿ, ಅದೇ ಎಡಗಡೆ ಹಿಂದಿನ ಗಾಲಿ, ರಿಪೇರಿ ಮಾಡಿದವಳೂ ಅದೇ ನಾನು.

"ಮತ್ತೇನಾತ್ರಿ?" ಎಂದೆ.

"ಮತ್ತ ಅದ ಆತ್ರಿ," ಎಂದು ಅವನು ಇಳಿದು ಪಕ್ಕದ ಬಾಗಿಲನ್ನು ಎಳೆದ. ಆ ಬಾಗಿಲು ಯಾವಾಗಲೂ ಊರಿಗೆಲ್ಲ ಕೇಳುವಂತೆ ಕಿರ್ರೆಂದು ಕಿರುಚಿಯೇ ತೆರೆಯುತ್ತಿತ್ತು. ಒಳಗೆ ಮೆಣಸಿನ ಸಸಿಯ ಟ್ರೇಗಳು ಒಂದರ ಮೇಲೊಂದು ಮಗುಚಿ ಬಿದ್ದಿದ್ದವು. ಅವನ ತಲೆಗೂದಲಿನಲ್ಲಿ ತೆಂಗಿನ ನಾರಿನ ಪುಡಿ, ಕಿವಿಯ ಹಿಂದೆ ಒಂದು ಎಳೆಯ ಎಲೆ.

"ಊರ ದಾಟಿದ ಕೂಡ್ಲೆ ಒಂದು ನಾಯಿ ಅಡ್ಡ ಬಂತ್ರಿ. ಸಾವಕಾಶ ಕಾಲ ಇಟ್ಟಿದ್ನಿ, ಇಟ್ಟಿದ್ದಷ್ಟ. ಹಿಂದಿನ ಗಾಲಿ ಗಕ್ಕನ ಹಿಡಕೊಂಡು ಗಾಡಿ ಅಡ್ಡ ತಿರುಗಿಬಿಡ್ತು."

"ನಾಯಿಗೆ ಏನಾತ್ರಿ?"

"ನಾಯಿ ಆರಾಮ ಐತ್ರಿ."

ಅವನಿಗೆ ಏನಾಯಿತೆಂದು ಕೇಳಬೇಕಿತ್ತು. ಕೇಳಿದ್ದರೆ ನನ್ನ ದನಿಯೇ ಎಲ್ಲ ಹೇಳಿಬಿಡುತ್ತಿತ್ತು, ಬಾಜೂದಲ್ಲೇ ಕಾಶಿನಾಥ ಮಾಮಾ ಟ್ರ್ಯಾಕ್ಟರಿನ ಕೆಳಗೆ ಮಲಗಿದ್ದ. ಗೋಕಾಕದ ಈ ಗ್ಯಾರೇಜು ಮಾಮಾನದು. ಬೆಳಗಾವಿಯಲ್ಲಿ ಆಟೊಮೊಬೈಲ್ ಡಿಪ್ಲೊಮಾ ಮುಗಿಸಿದ ಮೇಲೆ ನಾನು ಇಲ್ಲೇ ಕೆಲಸ ಹಿಡಿದವಳು. ಮಾಮಾ ಎದುರಿಗಿದ್ದರೆ ನಮ್ಮಿಬ್ಬರ ನಡುವೆ ‘ರಿ’ ಇರುತ್ತಿತ್ತು. ಮಾಮಾ ಚಹಾಕ್ಕೆ ಹೋದರೆ ‘ರಿ’ಯೂ ಅವನ ಹಿಂದೆಯೇ ಹೋಗುತ್ತಿತ್ತು.

ಶ್ರೀಶೈಲನದು ಬೆಲ್ಲದ ಬಾಗೇವಾಡಿ. ಹೊಲದಲ್ಲೇ ನರ್ಸರಿ ಮಾಡಿ, ಸಸಿಯ ಟ್ರೇಗಳನ್ನು ಈ ಓಮ್ನಿಯಲ್ಲಿ ತುಂಬಿ ಊರೂರಿಗೆ ಮುಟ್ಟಿಸುತ್ತಾನೆ. ಹೋದ ಮಳೆಗಾಲದಲ್ಲಿ ಅವರ ಅಂಗಳದಲ್ಲಿ ಗಾಡಿ ಜಪ್ಪಯ್ಯ ಅಂದರೂ ಕದಲದೆ ನಿಂತಾಗ, ಮಾಮಾ ನನ್ನನ್ನು ಕಳಿಸಿದ್ದ. ಅವತ್ತು ನಾನು ಹ್ಯಾಂಡ್‌ಬ್ರೇಕಿನ ತಂತಿ ಬಿಡಿಸಿ, ಬ್ರೇಕಿನ ಲೈನರ್ ಎಷ್ಟು ಸವೆದಿದೆ ಎಂದು ನೋಡಿ, ಕೈ ತೊಳೆಯಲು ನೀರು ಕೇಳಿದೆ. ಚೊಂಬು ಹಿಡಿದು ಬಂದ ಹುಡುಗ ನೀರು ಹಾಕುವುದನ್ನು ಮರೆತು ನನ್ನ ಮುಖವನ್ನೇ ನೋಡುತ್ತ ನಿಂತ. "ನೀರ ಹಾಕ್ತೀರೋ, ಫೋಟೋ ತಗೀತೀರೋ?" ಎಂದೆ. ಗಾಬರಿಯಾಗಿ ಇಡೀ ಚೊಂಬನ್ನು ನನ್ನ ಕಾಲ ಮೇಲೆ ಸುರಿದ.

ಅಂದಿನಿಂದ ಆ ಗಾಡಿಗೆ ಬಾರದ ರೋಗವಿಲ್ಲ. ಹಾರ್ನ್ ಕೆಡುತ್ತದೆ, ವೈಪರ್ ಸಡಿಲಾಗುತ್ತದೆ, ಕನ್ನಡಿ ತಿರುಗುತ್ತದೆ. ಬಾಗೇವಾಡಿಯಲ್ಲಿ ಕನ್ನಡಿ ನೆಟ್ಟಗೆ ಮಾಡುವವರೇ ಇಲ್ಲವೇನೋ ಎಂಬಂತೆ ಗೋಕಾಕದವರೆಗೆ ಬರುತ್ತಿದ್ದ. ನಾನೂ ಏನು ಕಡಿಮೆ, ಒಂದು ಸ್ಕ್ರೂ ಬಿಗಿಯಲು ಅರ್ಧ ತಾಸು ಹಿಡಿಸುತ್ತಿದ್ದೆ.

ಆದರೆ ಈ ಬ್ರೇಕಿನ ರೋಗ ಸುಳ್ಳಲ್ಲ.

"ಶೀತಲ್," ಮಾಮಾ ಟ್ರ್ಯಾಕ್ಟರ್ ಕೆಳಗಿಂದಲೇ ಕೂಗಿದ, "ಈ ಸಲ ನಾ ನೋಡ್ಲೇನು?"

"ಬ್ಯಾಡ ಮಾಮಾ, ನಾನ ನೋಡ್ತೇನಿ."

ಜಾಕ್ ಏರಿಸಿ ಗಾಲಿ ತೆಗೆದೆ. ಶ್ರೀಶೈಲ ನನ್ನ ಮುಖ ನೋಡದಿರಲಿ ಎಂದು ಅವನಿಗೆ ಬೆನ್ನು ಕೊಟ್ಟು ಕೂತು ಡ್ರಮ್ ಕಳಚಿದೆ. ಒಳಗೆ, ಡ್ರಮ್ಮಿಗೆ ಒತ್ತಿ ಗಾಡಿ ನಿಲ್ಲಿಸುವ ಲೈನರ್ ಮತ್ತೆ ಒದ್ದೆಯಾಗಿತ್ತು. ಬ್ರೇಕಿನ ಧೂಳು ಎಣ್ಣೆಯಲ್ಲಿ ಕಲೆತು ಕರಿ ರಾಡಿಯಾಗಿತ್ತು.

ಮೊದಲನೇ ಸಲ ಹೀಗಾದಾಗ ಅಚ್ಚಿನ ಸೀಲ್ ಸೋರಿದೆ ಎಂದುಕೊಂಡು ಸೀಲ್ ಬದಲಿಸಿದ್ದೆ. ಎರಡನೇ ಸಲ ಬ್ರೇಕ್ ಆಯಿಲ್ ಸೋರಿರಬೇಕೆಂದು ಗಾಲಿಯ ಸಿಲಿಂಡರನ್ನೇ ಬದಲಿಸಿದ್ದೆ. ಈಗ ಬೆರಳಾಡಿಸಿ ನೋಡಿದೆ. ಸೀಲ್ ಒಣಗಿತ್ತು, ಸಿಲಿಂಡರೂ ಒಣಗಿತ್ತು. ಎರಡೂ ಸೋರದೆ ಎಣ್ಣೆ ಎಲ್ಲಿಂದ ಬರಬೇಕು? ಬೆರಳಿಗೆ ಹತ್ತಿದ್ದನ್ನು ತಿಕ್ಕಿ ನೋಡಿದರೆ ಬ್ರೇಕ್ ಆಯಿಲಿನ ಹಾಗೆ ತೆಳುವಾಗಿರಲಿಲ್ಲ, ಗೇರ್ ಆಯಿಲಿನ ಗಂಧಕದ ನಾತವೂ ಬರಲಿಲ್ಲ. ಬರೀ ಅಂಟು. ಆ ವಾರ ನನಗೆ ನೆಗಡಿ ಬೇರೆ. ಮೂಗಿಗೆ ಏನೂ ಹತ್ತುತ್ತಿರಲಿಲ್ಲ.

ಮಾಮಾ ಎದ್ದು ಬಂದು ನೋಡುವ ಮೊದಲೇ ಎಲ್ಲವನ್ನೂ ಪೆಟ್ರೋಲಿನಲ್ಲಿ ತೊಳೆದುಬಿಟ್ಟೆ. ನಾಚಿಕೆಗೇಡು ಅನಿಸಿತ್ತು.

"ರವಿವಾರ ಶೋಭಾನ್ನ ಕರಕೊಂಡು ಬರಬೇಕು," ಶ್ರೀಶೈಲ ಸಣ್ಣ ದನಿಯಲ್ಲಿ ಹೇಳಿದ. ಮಾಮಾ ಆಗಷ್ಟೇ ಚಹಾಕ್ಕೆ ಎದ್ದು ಹೋಗಿದ್ದ, ‘ರಿ’ ಇರಲಿಲ್ಲ.

ಶೋಭಾ ಅವನ ತಂಗಿ. ಮೂಡಲಗಿಗೆ ಕೊಟ್ಟಿದ್ದಾರೆ, ಈಗ ತುಂಬಿದ ಬಸುರಿ. ಚೊಚ್ಚಲ ಬಾಣಂತನಕ್ಕೆ ಮಗಳನ್ನು ತರಲು ತವರಿನ ಸ್ವಂತ ಗಾಡಿಯೇ ಹೋಗಬೇಕು ಎಂಬುದು ಅವರ ಮನೆಯ ಪದ್ಧತಿ. ಮೊದಲು ಎತ್ತಿನ ಚಕ್ಕಡಿ ಹೋಗುತ್ತಿತ್ತು, ಈಗ ಓಮ್ನಿ. ಬಾಡಿಗೆ ಕಾರು ಕಳಿಸಿದರೆ ಬೀಗರ ಮುಂದೆ ಕಿಮ್ಮತ್ತು ಉಳಿಯುವುದಿಲ್ಲ.

"ರವಿವಾರ ಅಂದ್ರ ನಾಳಿ," ಎಂದೆ.

"ನಾಳಿನ."

ಎಣ್ಣೆ ಕುಡಿದ ಲೈನರನ್ನು ಎಷ್ಟು ತೊಳೆದರೂ ನೆಚ್ಚುವಂತಿಲ್ಲ. ಮತ್ತೆ ಹೊಸ ಲೈನರ್ ಕೂರಿಸಿದೆ, ಡ್ರಮ್ಮಿನ ಒಳಮೈಯನ್ನು ಎಮರಿ ಪೇಪರಿನಿಂದ ತಿಕ್ಕಿದೆ, ಸ್ಪ್ರಿಂಗ್ ಒಂದೊಂದನ್ನೂ ಎಳೆದು ನೋಡಿದೆ. ಬಿಗಿದ ನಟ್ಟನ್ನೇ ಮತ್ತೆ ಬಿಗಿದೆ.

"ಬಾ, ಓಡಿಸಿ ನೋಡೂಣು," ಎಂದೆ.

*

ಲೋಳಸೂರ ಸೇತುವೆಯ ಕಡೆಗೆ ಹೊರಟೆವು. ಗಾಡಿ ನಾನೇ ಹೊಡೆಯುತ್ತಿದ್ದೆ. ಕಬ್ಬಿನ ಹಂಗಾಮು, ರಸ್ತೆಯ ತುಂಬ ಹಿಂದೆ ಎರಡೆರಡು ಟ್ರೇಲರ್ ಡಬ್ಬಿ ಕಟ್ಟಿಕೊಂಡ ಟ್ರ್ಯಾಕ್ಟರುಗಳು. ಖಾಲಿ ಜಾಗ ಸಿಕ್ಕಲ್ಲೆಲ್ಲ ಬ್ರೇಕ್ ಹಾಕಿದೆ. ಮೆತ್ತಗೆ ಹಾಕಿದೆ, ಜೋರಾಗಿ ಹಾಕಿದೆ, ಇಳಿಜಾರಿನಲ್ಲಿ ಹಾಕಿದೆ. ಗಾಡಿ ಹೇಳಿದ ಮಾತು ಕೇಳಿತು.

"ಬ್ರೇಕ್ ನೋಡಾಕತ್ತೀಯೋ, ನನ್ನ ಹಲ್ಲ ಉದರಸಾಕತ್ತೀಯೋ?" ಎಂದ ಅವನು.

"ಹಲ್ಲ ಉದರಿದ್ರ ಮಾತ ಕಡಿಮಿ ಆಗ್ತಾವು."

ಅವನು ನಕ್ಕ. ಅವನು ನಗುವಾಗ ಮೊದಲು ಕಣ್ಣು ಸಣ್ಣವಾಗುತ್ತವೆ, ಆಮೇಲೆ ತುಟಿ ಅರಳುತ್ತದೆ. ನಡುವೆ ಒಂದು ಗಳಿಗೆ ಅಳುತ್ತಾನೋ ನಗುತ್ತಾನೋ ಗೊತ್ತಾಗುವುದಿಲ್ಲ. ಆ ಗಳಿಗೆ ನೋಡಲಿಕ್ಕೆಂದೇ ನಾನು ಏನಾದರೂ ಕೊಂಕು ಮಾತಾಡುತ್ತಿದ್ದೆ. ಕಿವಿಯ ಹಿಂದಿನ ಆ ಎಲೆ ಇನ್ನೂ ಅಲ್ಲೇ ಇತ್ತು. ತೆಗೆಯಲೋ ಬೇಡವೋ ಎಂದು ಬೆಳಗಿನಿಂದ ಲೆಕ್ಕ ಹಾಕುತ್ತಿದ್ದೆ.

"ಶೀತಲ್, ಅಪ್ಪಗ ಹೇಳೇನಿ."

"ಬ್ರೇಕಿನ ವಿಷಯ?"

"ನಿನ್ನ ವಿಷಯ."

ಕ್ಲಚ್ ಮೇಲಿನ ಕಾಲು ತಪ್ಪಿ ಗಾಡಿ ಕುಲುಕಿ ಬಂದ್ ಆಯಿತು. ಹಿಂದಿನಿಂದ ಒಬ್ಬ ಹಾರ್ನ್ ಬಾರಿಸಿ ಬೈದು ಹೋದ. ನಾನು ಬದಿಗೆ ತಂದು ನಿಲ್ಲಿಸಿದೆ.

"ಏನಂದ್ರು?"

"ಏನೂ ಅನ್ಲಿಲ್ಲ. ‘ನೋಡೂಣು’ ಅಂದ. ಎದ್ದು ಎತ್ತಿಗೆ ನೀರ ಕುಡಸಾಕ ಹ್ವಾದ."

"ಕಾಕು?"

"ಅವ್ವ ಭಾಳ ಅಂದ್ಲು. ಅದನ್ನ ಬಿಡು."

"ಬಿಡಂಗಿಲ್ಲ, ಹೇಳು."

ಅವನು ಕಿಟಕಿಯ ಹೊರಗೆ ನೋಡಿದ. "ಒಂದು ಬ್ರೇಕ್ ನೆಟ್ಟಗ ಮಾಡಾಕ ಬರದಾಕಿ ಸಂಸಾರ ಏನ ಮಾಡ್ತಾಳ ಅಂದ್ಲು."

ಜಾತಿಯ ಮಾತು ಬಂದಿರಬಹುದೆಂದು ಕಾದಿದ್ದೆ. ಬಂದೂ ಇರಬಹುದು, ಅವನು ನುಂಗಿರಬಹುದು. ಅವರದು ಲಿಂಗ ಕಟ್ಟಿಕೊಳ್ಳುವ ಮನೆ, ನಮ್ಮದು ಬುದ್ಧ ಪೂರ್ಣಿಮೆಗೆ ಬಿಳಿ ಸೀರೆ ಉಡುವ ದಲಿತರ ಮನೆ. ನನ್ನ ಅವ್ವ ಗುಡ್ಡವ್ವ ಒಮ್ಮೆ ರೊಟ್ಟಿ ಬಡಿಯುತ್ತ ಹೇಳಿದ್ದಳು, "ಬಸವಣ್ಣನ ಫೋಟೋ ಪಡಸಾಲ್ಯಾಗ ಇರ್ತೈತಿ ಶೀತಲ್, ಅಡಿಗಿಮನ್ಯಾಗ ಇರಂಗಿಲ್ಲ." ಆದರೆ ಈ ಬ್ರೇಕಿನ ಮಾತು ನೇರ ಎದೆಗೆ ನಾಟಿತು. ಇದಕ್ಕೆ ಉತ್ತರ ನನ್ನ ಕೈಯಲ್ಲೇ ಇರಬೇಕಿತ್ತು, ಇರಲಿಲ್ಲ.

"ಗಾಡಿ ಬೆಳಗಾವಿಗೆ ಒಯ್ಯಿ," ಎಂದೆ. "ದೊಡ್ಡ ಗ್ಯಾರೇಜಿನವ್ರು ನೋಡ್ಲಿ."

"ಒಯ್ಯಂಗಿಲ್ಲ. ಒಯ್ದರ ಅವ್ವ ಅಂದಿದ್ದನ್ನ ನಾನೂ ಒಪ್ಪಿದಂಗ ಆಗ್ತೈತಿ."

"ನಿನ್ನ ಹಟಕ್ಕ ಬಸರಿ ಹೆಣ್ಣಮಗಳನ್ನ ಕುಂಡ್ರಸ್ತೀಯೇನು? ಏನರ ಆದ್ರ ನನ್ನ ಕೈ ನಾ ಹೆಂಗ ನೋಡ್ಕೊಳ್ಳಿ?"

"ಹಟ ಅಲ್ಲ," ಎಂದ ಅವನು. "ನೀ ಮಾಡಿದ್ದು ಕೆಡಂಗಿಲ್ಲ ಅನ್ನೋದು ನಂಗ ಗೊತ್ತೈತಿ. ಏನೋ ಬ್ಯಾರೆ ಐತಿ. ನೀನ ಹುಡಕ್ತಿ." ನನ್ನ ಕಡೆ ತಿರುಗಿ, "ಎಲ್ಲಾರೂ ಏನಂದ್ರು ಕೇಳಿದಿ. ನೀ ಏನಂತಿ, ಅದನ್ನ ಹೇಳಲೇ ಇಲ್ಲ," ಎಂದ.

ಅವನ ಕಣ್ಣು ನನ್ನ ಮೇಲೆ ನಿಂತಿದ್ದವು. ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಳ್ಳುವ ಬುದ್ಧಿ ನನ್ನದು. ನನ್ನ ಬಾಯಿಂದ ಬಂದದ್ದು ಇಷ್ಟು:

"ರಾತ್ರಿ ಹ್ಯಾಂಡ್‌ಬ್ರೇಕ್ ಎಳೀಬ್ಯಾಡ. ಇಬ್ಬನಿಗೆ ಹಿಡಕೊಂತೈತಿ. ಗೇರಿನ್ಯಾಗ ಬಿಟ್ಟು ಗಾಲಿಗೆ ಕಲ್ಲ ಇಡು."

ಅವನು ನಿಟ್ಟುಸಿರು ಬಿಟ್ಟ. "ಆತ್ರಿ," ಎಂದ. ‘ರಿ’ ಅಂದದ್ದು ಬೇಕಂತಲೇ.

*

ರವಿವಾರ ಬೆಳಕು ಹರಿಯುವ ಮೊದಲೇ ಎಚ್ಚರವಾಯಿತು. ಘೋಡಗೇರಿಯ ನಮ್ಮ ಮನೆಯಲ್ಲಿ ಅವ್ವ ಒಲೆ ಹಚ್ಚುತ್ತಿದ್ದಳು. ಹಾಸಿಗೆಯಲ್ಲೇ ಕೂತು ಒಂದೊಂದಾಗಿ ನೆನೆದೆ. ಸಸಿ ಹೇರಿಕೊಂಡು ಊರಲ್ಲೇ ಓಡಾಡಿದ ದಿನ ಬ್ರೇಕ್ ಸರಿಯಿರುತ್ತಿತ್ತು. ಮೂಡಲಗಿಗೋ ಘೋಡಗೇರಿಗೋ ಹೊರಟ ದಿನವೇ ಕೆಡುತ್ತಿತ್ತು. ದೂರದ ಓಟಕ್ಕೆ ಕಾದು ಹೀಗಾಗುತ್ತದೆ ಅನ್ನೋಣವೆಂದರೆ, ಊರು ದಾಟಿದ ಕೂಡಲೇ, ಗಾಡಿ ಇನ್ನೂ ತಣ್ಣಗಿರುವಾಗಲೇ ಹಿಡಿಯುತ್ತಿತ್ತು. ಹಾಗಾದರೆ ಕೆಡುವುದು ದಾರಿಯಲ್ಲಲ್ಲ, ಅವರ ಅಂಗಳದಲ್ಲೇ.

ಇವತ್ತು ಅದು ಮೂಡಲಗಿಗೆ ಹೊರಡುತ್ತದೆ. ಬರುವಾಗ ಒಳಗೆ ಎರಡು ಜೀವದ ಶೋಭಾ ಇರುತ್ತಾಳೆ.

ಚೀಲಕ್ಕೆ ನಟ್ಟು ಬಿಚ್ಚುವ ಪಾನಾ ತುಂಬಿದೆ, ಜೊತೆಗೆ ಇನ್ನೊಂದು ಹೊಸ ಲೈನರ್ ಸೆಟ್. ಅಂಜುವವರ ಚೀಲ ಯಾವಾಗಲೂ ಭಾರ.

"ರವಿವಾರನೂ ಗ್ಯಾರೇಜೇನ?" ಅವ್ವ ಕೇಳಿದಳು.

"ಬಾಗೇವಾಡಿಗೆ ಹೋಗಿ ಬರ್ತೇನಿ ಅವ್ವ. ಗಾಡಿ ನೋಡಬೇಕು."

"ಗಾಡಿ," ಎಂದು ಅವ್ವ ನನ್ನ ಮುಖ ನೋಡಿದಳು. ಬಿಸಿ ರೊಟ್ಟಿಯೊಂದನ್ನು ಸುರುಳಿ ಸುತ್ತಿ ಕೈಗೆ ಕೊಟ್ಟಳು.

ಸ್ಕೂಟಿಯ ಮೇಲೆ ಹೋಗುವಾಗ ಥಂಡಿಗೆ ಕಣ್ಣಲ್ಲಿ ನೀರು ಬರುತ್ತಿತ್ತು. ತಡವಾದರೆ, ಅಷ್ಟರಲ್ಲಿ ಅವನು ಹೊರಟಿದ್ದರೆ ಎಂಬ ಹೆದರಿಕೆಗೆ ದಾರಿಯುದ್ದಕ್ಕೂ ಎದುರು ಬರುವ ಪ್ರತಿ ಬಿಳಿ ಗಾಡಿಯನ್ನೂ ನೋಡಿದೆ. ಅವರ ಓಣಿಯ ಮೂಲೆಯಲ್ಲೇ ಸ್ಕೂಟಿ ಬಂದ್ ಮಾಡಿ ನಡೆದೆ. ಅಂಗಳದಲ್ಲಿ ಓಮ್ನಿ ಎಂದಿನಂತೆ ಹಿಂದಿನ ಬಲಮೂಲೆಯನ್ನು ಗೋಡೆಗೆ ಹಚ್ಚಿ ನಿಂತಿತ್ತು. ಎಡಗಡೆ ಹಿಂದಿನ ಗಾಲಿಯ ಹತ್ತಿರ ಯಾರೋ ಕುಕ್ಕರುಗಾಲಿನಲ್ಲಿ ಕೂತಿದ್ದರು.

ಶ್ರೀಶೈಲನ ಅಪ್ಪ, ಲಕ್ಕಪ್ಪ ಕಾಕಾ.

ಅವರ ಕೈಯಲ್ಲಿ ಬಿದಿರಿನ ಗೊಟ್ಟ ಇತ್ತು. ಎತ್ತಿಗೆ ಹೊಟ್ಟೆ ಉಬ್ಬರಿಸಿದರೆ ಬಾಯಿ ಅಗಲಿಸಿ ಔಷಧ ಕುಡಿಸುತ್ತಾರಲ್ಲ, ಆ ಗೊಟ್ಟ. ಗಾಲಿಯ ಹಿಂಭಾಗಕ್ಕೆ ಕೈ ತೂರಿಸಿ, ಡ್ರಮ್ಮಿನ ಹಿಂದಿನ ತಟ್ಟೆಯಲ್ಲಿ ಲೈನರಿನ ಸವೆತ ನೋಡಲು ಇರುವ ಸಣ್ಣ ಕಿಂಡಿಯ ರಬ್ಬರ್ ಮುಚ್ಚಳ ತೆಗೆದು, ಗೊಟ್ಟದ ಬಾಯನ್ನು ಅದಕ್ಕೆ ಹಚ್ಚಿ, ಕೂಸಿಗೆ ಹಾಲು ಕುಡಿಸುವಷ್ಟು ಸಾವಕಾಶವಾಗಿ ಬಗ್ಗಿಸುತ್ತಿದ್ದರು. ದಾರಿಯ ಥಂಡಿ ಗಾಳಿಗೆ ಕಟ್ಟಿದ ಮೂಗು ಬಿಟ್ಟಿತ್ತು. ಔಡಲ ಎಣ್ಣೆಯ ವಾಸನೆ ಅಲ್ಲಿಯವರೆಗೆ ಬಂತು.

ನನ್ನ ಕಾಲು ಅಲ್ಲೇ ನಿಂತವು. ಸಿಟ್ಟು ಬಂತು, ಅಳು ಬಂತು, ಎರಡರ ನಡುವೆ ನಗುವೂ ಬಂತು.

"ಕಾಕಾ, ಏನ ಮಾಡಾಕತ್ತೀರಿ?"

ಅವರು ಬೆಚ್ಚಿ ತಿರುಗಿದರು. ಗೊಟ್ಟವನ್ನು ಧೋತರದ ಮರೆಗೆ ಸರಿಸಲು ನೋಡಿ, ಆಗದೆ ಸುಮ್ಮನಾದರು. "ಬಾರವ್ವಾ, ಇಷ್ಟ ಲಗೂ ಬಂದಿ. ಏನಿಲ್ಲ, ದೂರ ಹೊಂಟೈತಲ್ಲ. ಗಾಲಿಗೆ ಎಣ್ಣಿ ಹಾಕಾಕತ್ತಿದ್ನಿ."

"ದಿನಾ ಹಾಕ್ತೀರೇನ್ರಿ?"

"ದೂರ ಹೊಂಟಾಗ ಅಷ್ಟ. ಕೀಲಿಗೆ ಎಣ್ಣಿ ಇಲ್ಲದ ಗಾಡಿ ಹೂಡಬಾರ್ದು ಅಂತ ನಮ್ಮಪ್ಪ ಹೇಳತಿದ್ದ. ಚಕ್ಕಡಿ ಇದ್ದಾಗಿಂದ ಬಂದ ರೂಢಿ."

"ಆ ಕಡಿ ಗಾಲಿಗೆ?"

"ಅದು ಗ್ವಾಡಿಗೆ ಹತ್ತೇತಿ, ಕೈ ಹೋಗಂಗಿಲ್ಲ. ಇದೊಂದಕ್ಕ ಹಾಕ್ತೇನಿ."

ನಾನು ಚೀಲ ಕೆಳಗಿಟ್ಟು ಅವರ ಪಕ್ಕದಲ್ಲೇ ಕೂತೆ. ಜಾಕ್ ಏರಿಸಿದೆ, ಗಾಲಿ ತೆಗೆದೆ, ಡ್ರಮ್ ಕಳಚಿದೆ. ಹಸಿ ಎಣ್ಣೆ ಹೊಸ ಲೈನರಿನ ಮೇಲೆ ಹರಿದಿತ್ತು.

"ಇಲ್ಲಿ ನೋಡ್ರಿ ಕಾಕಾ. ಇವು ಎರಡು ಲೈನರ್. ಬ್ರೇಕ್ ಒತ್ತಿದ್ರ ಹೊರಗ ಸರದು ಈ ಡ್ರಮ್ಮಿಗೆ ತಿಕ್ಕತಾವು. ಅದಕ್ಕ ಗಾಡಿ ನಿಂದರತೈತಿ. ಇವು ಒಣಗೇ ಇರಬೇಕು."

"ಎಣ್ಣಿ ಬಿದ್ರ ಜಾರತೈತೇನು?"

"ಭಾಳ ಬಿದ್ರ ಜಾರತೈತ್ರಿ. ಸ್ವಲ್ಪ ಬಿದ್ರ ಅಂಟ ಹಿಡೀತೈತಿ. ಸುಮ್ನ ಕಾಲ ಇಟ್ರೂ ಗಕ್ಕನ ಕಚ್ಚಕೊಂತೈತಿ. ಒಂದು ಗಾಲಿ ಕಚ್ಚಿ ಇನ್ನೊಂದು ಓಡಿದ್ರ..."

ಮುಂದೆ ಹೇಳಬೇಕಾಗಲಿಲ್ಲ. ಬದುಕಿಡೀ ಎರಡು ಎತ್ತುಗಳನ್ನು ಜೋಡಿಯಾಗಿ ನಡೆಸಿದವರು. ಒಂದು ನಿಂತು ಒಂದು ಓಡಿದರೆ ಗಾಡಿ ಏನಾಗುತ್ತದೆ ಎಂದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಗೊಟ್ಟದಲ್ಲಿ ಉಳಿದಿದ್ದ ಎಣ್ಣೆಯನ್ನು ನೆಲಕ್ಕೆ ಸುರಿದರು.

"ಶೋಭಾ ಕುಂಡ್ರತಿದ್ಲಲ್ಲವ್ವಾ ಇದರಾಗ," ಎಂದರು.

"ಇನ್ನೇನೂ ಆಗಂಗಿಲ್ಲ ಕಾಕಾ, ಸಿಕ್ಕಿತಲ್ಲ," ಎಂದೆ. ಅವರ ಕೈ ಹಿಡಿಯಬೇಕೆನಿಸಿತು. ನನ್ನ ಕೈ ಕರ್ರಗಿತ್ತು, ಹಿಡಿಯಲಿಲ್ಲ.

ಅಷ್ಟರಲ್ಲಿ ತಲೆಬಾಗಿಲಲ್ಲಿ ಶಿವಗಂಗವ್ವ ಕಾಕು ನಿಂತಿದ್ದರು, ಶ್ರೀಶೈಲನ ಅವ್ವ. ಹಣೆಯ ತುಂಬ ವಿಭೂತಿ, ಕೈಯಲ್ಲಿ ಬೀಗರ ಮನೆಗೆ ಒಯ್ಯುವ ಉಂಡಿಯ ಡಬ್ಬಿ. ಕಳಚಿ ಬಿದ್ದ ಗಾಲಿ ನೋಡಿ ಅವರ ಮುಖ ಬಿಗಿಯಾಯಿತು.

"ಮತ್ತ ಕೆಟ್ಟಿತೇನು? ನಿನ್ನೆರ ಮಾಡಿಸಿದ್ದು. ಹೊಂಟು ನಿಂತ ಹೊತ್ತಿನ್ಯಾಗ ಗಾಲಿ ಬಿಚ್ಚಿಕೊಂಡು ಕುಂತೀರಿ. ಬ್ಯಾರೆ ಕಡೆ ಹಾಕು ಅಂತ ಬಡಕೊಂಡ್ನಿ, ನನ್ನ ಮಾತ ಯಾರ ಕೇಳಬೇಕು?"

ಅವರ ಹಿಂದೆ ಟವೆಲಿನಿಂದ ತಲೆ ಒರೆಸಿಕೊಳ್ಳುತ್ತ ಶ್ರೀಶೈಲ ಬಂದ. ನನ್ನನ್ನು ನೋಡಿ ಮುಖ ಅರಳಿತು, ಗಾಲಿ ನೋಡಿ ಬಾಡಿತು.

ಒಂದು ಮಾತು ಹೇಳಿದ್ದರೆ ಸಾಕಿತ್ತು. ಮೂರು ಸಲದ ಅಪವಾದವೂ ತೊಳೆದುಹೋಗುತ್ತಿತ್ತು. ಬಾಯಿ ತೆರೆದೆ. ಪಕ್ಕದಲ್ಲಿ ಲಕ್ಕಪ್ಪ ಕಾಕಾ ತಲೆ ತಗ್ಗಿಸಿ ಗೊಟ್ಟವನ್ನೇ ನೋಡುತ್ತಿದ್ದರು. ಬಸುರಿ ಮಗಳ ಜೀವಕ್ಕೆ ತಾನೇ ಎರವಾಗುತ್ತಿದ್ದೆ ಎಂಬುದನ್ನು ಆಗಷ್ಟೇ ನುಂಗಿಕೊಂಡ ಮನುಷ್ಯ. ಅವರನ್ನು ಹೆಂಡತಿ ಮಗನ ಮುಂದೆ ನಿಲ್ಲಿಸಿ ನಾನು ಗೆಲ್ಲಬೇಕೇ?

"ನಂದ ತಪ್ಪರಿ ಕಾಕು," ಎಂದೆ. "ಒಂದು ಕಿಂಡಿ ನೆಟ್ಟಗ ಮುಚ್ಚಿರಲಿಲ್ಲ. ಅರ್ಧ ತಾಸಿನ್ಯಾಗ ಮಾಡಿ ಕೊಡ್ತೇನ್ರಿ. ನಾನೂ ಜೋಡಿ ಮೂಡಲಗಿಗೆ ಬರ್ತೇನಿ."

"ಬಂದು ಏನ ಮಾಡ್ತಿ, ಹಾದ್ಯಾಗ ಮತ್ತ ಬಿಚ್ಚತೀ?"

"ಶಿವಗಂಗಾ," ಲಕ್ಕಪ್ಪ ಕಾಕಾ ಎದ್ದು ನಿಂತರು. ಮೊಣಕಾಲು ಹಿಡಿದುಕೊಂಡು ಏಳಲು ಅವರಿಗೆ ಸ್ವಲ್ಪ ಹೊತ್ತು ಬೇಕಾಯಿತು. "ಆಕಿ ಸುಳ್ಳ ಹೇಳಾಕತ್ತಾಳ. ಕಿಂಡಿ ತಗದಾಂವ ನಾನು. ಎಣ್ಣಿ ಹಾಕಿದಾಂವ ನಾನು. ಮೂರೂ ಸಲ, ಇವತ್ತೂ."

ಎತ್ತಿನ ಕೊರಳ ಗಂಟೆ ಒಮ್ಮೆ ಅಲುಗಿತು.

"ಎಣ್ಣಿ? ಯಾಕ?" ಕಾಕು ಡಬ್ಬಿಯನ್ನು ಕಟ್ಟೆಯ ಮೇಲಿಟ್ಟರು. "ಹಾಕಿದ್ರ ಹಾಕಿದ್ರಿ, ಒಂದು ಮಾತ ಹೇಳಬಾರದೇನು? ಕಳ್ಳರಂಗ ಯಾಕ ಹಾಕಿದ್ರಿ?"

ಕಾಕಾ ನನ್ನ ಕಡೆ ನೋಡಲಿಲ್ಲ, ಹೆಂ‌ಡತಿಯ ಕಡೆಯೇ ನೋಡಿ ಹೇಳಿದರು. "ಮಳಿಗಾಲದಾಗ ಈ ಹುಡುಗಿ ಮೊದಲ ಬಂದಾಗ ನಾ ಇಲ್ಲೇ ಕುಂತಿದ್ನಿ. ಆ ಕಿಂಡಿ ಮುಚ್ಚಳ ತಗದ್ಲು, ಇಣಿಕಿ ನೋಡಿದ್ಲು, ಹಂಗ ಮುಚ್ಚಿಬಿಟ್ಲು. ಗಾಲ್ಯಾಗ ಕಿಂಡಿ ಇರೋದು ಎಣ್ಣಿಗೇ ಅಲ್ಲೇನು ಅಂದ್ಕೊಂಡ್ನಿ. ಎಣ್ಣಿ ಹಾಕೋದು ಮರ್ತಾಳ, ಸಣ್ಣ ಹುಡುಗಿ, ಅಂದ್ಕೊಂಡ್ನಿ. ಅದಕ್ಕ ನಾನ ಹಾಕಿದ್ನಿ."

"ಅದನ್ನ ಹೇಳಾಕ ಏನ ಧಾಡಿ?"

"ಹೇಳಿದ್ರ ಆಕಿ ಮರ್ತಿದ್ದನ್ನ ನೀ ಬಿಡತಿದ್ದೇನು? ಓಣಿ ತುಂಬ ಹೇಳಿ ಬರತಿದ್ದಿ." ಅವರು ಗೊಟ್ಟವನ್ನು ಕಟ್ಟೆಯ ಮೇಲೆ, ಉಂಡಿಯ ಡಬ್ಬಿಯ ಬಾಜೂ ಇಟ್ಟರು. "ಇಂವ ಆಕಿನ್ನ ನೋಡೋದು ನಾ ಅವತ್ತ ನೋಡಿದ್ನಿ. ಚೊಂಬು ನೀರ ಕಾಲ ಮ್ಯಾಲ ಸುರದಿದ್ದ. ಮನಿಗೆ ಬರೋ ಸೊಸಿ ಏನರ ಮರ್ತರ, ಅದನ್ನ ಮನಿಯವ್ರು ಮುಚ್ಚಬೇಕೋ, ಊರ ಮುಂದ ಬಿಚ್ಚಬೇಕೋ?"

ನನ್ನ ಕೈಯಲ್ಲಿದ್ದ ಪಾನಾ ಕಲ್ಲಿನ ಮೇಲೆ ಬಿದ್ದು ಸದ್ದಾಯಿತು. ‘ನೋಡೂಣು’ ಎಂದು ಎದ್ದು ಹೋಗಿದ್ದ ಮನುಷ್ಯ, ಅದಕ್ಕೂ ಎಷ್ಟೋ ಮೊದಲೇ ನೋಡಿ ಮುಗಿಸಿದ್ದ. ಶ್ರೀಶೈಲ ಟವೆಲಿನಲ್ಲಿ ಮುಖ ಒರೆಸಿಕೊಂಡ. ಅದಾಗಲೇ ಒಣಗಿದ ಮುಖವನ್ನು ಮತ್ತೊಮ್ಮೆ ಒರೆಸಿಕೊಂಡ.

ಕಾಕು ಒಳಗೆ ಹೋದರು. ನಾನು ತಲೆ ತಗ್ಗಿಸಿ ಕೆಲಸಕ್ಕೆ ಹತ್ತಿದೆ. ಡ್ರಮ್ ತೊಳೆದೆ, ತಟ್ಟೆ ಒರೆಸಿದೆ, ಚೀಲದಲ್ಲಿದ್ದ ಹೊಸ ಲೈನರ್ ಕೂರಿಸಿದೆ. ಕಣ್ಣು ಮಂಜಾಗಿ ಸ್ಪ್ರಿಂಗು ಎರಡು ಸಲ ಕೈಜಾರಿತು. ಶ್ರೀಶೈಲ ಪಕ್ಕದಲ್ಲಿ ಕೂತು ಕೇಳಿದ್ದನ್ನೆಲ್ಲ ಎತ್ತಿ ಕೊಟ್ಟ. ಪಾನಾ ಕೊಡುವಾಗ ಅವನ ಬೆರಳು ನನ್ನ ಬೆರಳಿನ ಮೇಲೆ ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚು ಹೊತ್ತು ನಿಂತವು.

ಗಾಲಿ ಬಿಗಿದು ಏಳುವಾಗ ಕಾಕು ಬಂದರು. ಒಂದು ಬಟ್ಟಲಲ್ಲಿ ಕಡಲೆಹಿಟ್ಟು.

"ಇದನ್ನ ಹಚ್ಚಿ ತಿಕ್ಕು, ಜಿಡ್ಡ ಹೋಗತೈತಿ. ಬಚ್ಚಲದಾಗ ಬಿಸಿನೀರ ಐತಿ. ಕೈ ತೊಳಕೊಂಡು ಒಳಗ ಒಲಿ ಮುಂದ ಬಾ. ಥಂಡ್ಯಾಗ ಬಂದಿ, ಏನೂ ತಿಂದಂಗ ಕಾಣೂದಿಲ್ಲ."

ನಾನು ಎದ್ದು ನಿಂತವಳು ಹಾಗೇ ನಿಂತೆ.

"ಬಾ ಅಂದೇನಿ ಅಂದ್ರ ಹೂಂ ಅಂದೇನಿ ಅಂತಲ್ಲ ಮತ್ತ," ಎಂದು ಕಾಕು ತಿರುಗಿ ನಡೆದರು. "ಮೊದಲ ಶೋಭಾ ಸುಖವಾಗಿ ಮನಿಗೆ ಬರ್ಲಿ."

ಅವರ ಒಲೆಯ ಮುಂದೆ ಕೂತು ನಾನು ರೊಟ್ಟಿ ತಿಂದೆ. ಅವ್ವ ಕೊಟ್ಟ ಸುರುಳಿ ಇನ್ನೂ ಚೀಲದಲ್ಲೇ ಇತ್ತು. ಅಡಿಗೆಮನೆಯ ಗೋಡೆಯ ಮೇಲೆ ಯಾರ ಫೋಟೋವೂ ಇರಲಿಲ್ಲ. ಒಂದು ಕ್ಯಾಲೆಂಡರ್ ಇತ್ತು, ಅಷ್ಟೇ.

*

ಮೂಡಲಗಿಯಿಂದ ತಿರುಗಿ ಬರುವಾಗ ಹೊತ್ತು ಇಳಿದಿತ್ತು. ಶೋಭಾ ಹಿಂದಿನ ಸೀಟಿನಲ್ಲಿ ನನ್ನ ಹೆಗಲಿಗೆ ತಲೆ ಇಟ್ಟು ಮಲಗಿದ್ದಳು. ನಾನು ಒಂದು ಕೈಯಿಂದ ಅವಳನ್ನು ಹಿಡಿದು, ಇನ್ನೊಂದರಿಂದ ಮುಂದಿನ ಸೀಟನ್ನು ಬಿಗಿಯಾಗಿ ಹಿಡಿದಿದ್ದೆ. ರೋಗ ಸಿಕ್ಕಿದೆ ಎಂದು ಗೊತ್ತಿದ್ದರೂ ಪ್ರತಿ ತಿರುವಿನಲ್ಲಿ ಜೀವ ಬಾಯಿಗೆ ಬರುತ್ತಿತ್ತು.

ಗೋಕಾಕ ಹತ್ತಿರ ಬಂದಾಗ ಮುಂದೆ ಹೋಗುತ್ತಿದ್ದ ಕಬ್ಬಿನ ಟ್ರ್ಯಾಕ್ಟರು ಒಮ್ಮೆಲೇ ನಿಂತಿತು. ನಾನು ಕಣ್ಣು ಮುಚ್ಚಿದೆ.

ಶ್ರೀಶೈಲ ಬ್ರೇಕ್ ಒತ್ತಿದ. ಗಾಡಿ ಎಳೆಯಲಿಲ್ಲ, ತಿರುಗಲಿಲ್ಲ. ಮೆಲ್ಲಗೆ ವೇಗ ಇಳಿಸಿ, ಕಬ್ಬಿನ ಜಲ್ಲೆಗಳಿಂದ ಮಾರು ದೂರದಲ್ಲಿ ನೆಟ್ಟಗೆ ನಿಂತಿತು. ಶೋಭಾಳ ತಲೆ ನನ್ನ ಹೆಗಲಿನಿಂದ ಜಾರಲೂ ಇಲ್ಲ.

ಕನ್ನಡಿಯಲ್ಲಿ ಅವನ ಕಣ್ಣು ನನ್ನನ್ನೇ ನೋಡುತ್ತಿದ್ದವು.

"ಈಗರ ಹೇಳ್ತೀಯೇನು?" ಎಂದ ಸಣ್ಣಗೆ.

"ಏನ?"

"ನಿನ್ನಿ ಸೇತುವಿ ಹಾದ್ಯಾಗ ಕೇಳಿದ್ದು."

"ರಸ್ತಾ ನೋಡಿ ಹೊಡಿ."

"ಗಾಡಿ ನಿಂತೈತಿ. ನಿಂದರಿಸಿದಾಕಿ ನೀನ."

ಮುಂದಕ್ಕೆ ಬಾಗಿದೆ. ಅವನ ಕಿವಿಯ ಹಿಂದೆ ಇವತ್ತು ಎಲೆ ಇರಲಿಲ್ಲ. ಇಲ್ಲದ ಎಲೆಯನ್ನು ತೆಗೆದಂತೆ ಬೆರಳು ತಾಗಿಸಿದೆ.

"ಹೂಂ," ಎಂದೆ.

"ಹೂಂ ಅಂದ್ರ?"

"ಹೂಂ ಅಂದ್ರ ಹೂಂ."

"ನೆಟ್ಟಗ ಹೇಳು ಶೀತಲ್, ನಂಗ..."

"ಅಂದಾಳಲ್ಲೋ ಅಣ್ಣ, ಎಷ್ಟ ಸಲ ಅನ್ನಸ್ತಿ," ಎಂದಳು ಶೋಭಾ ಕಣ್ಣು ಮುಚ್ಚಿಕೊಂಡೇ. "ಬ್ರೇಕಿಗೆ ಎಚ್ಚರ ಆಗ್ಲಿಲ್ಲ, ನಿಮ್ಮ ಮಾತಿಗೆ ಆತು."

ಬಾಗೇವಾಡಿಯ ಅಂಗಳಕ್ಕೆ ಬರುವಷ್ಟರಲ್ಲಿ ಕಾಕು ಆರತಿ ತಟ್ಟೆ ಹಿಡಿದು ನಿಂತಿದ್ದರು. ಮಗಳನ್ನು ಇಳಿಸಿಕೊಂಡು ಒಳಗೆ ಕರೆದೊಯ್ಯುವಾಗ ನನ್ನ ಕಡೆ ಒಮ್ಮೆ ತಿರುಗಿ ನೋಡಿದರು, ಬೈಯಲಿಲ್ಲ. ಹಿಂದೆ ಉಳಿದದ್ದು ಲಕ್ಕಪ್ಪ ಕಾಕಾ. ಕೈಯಲ್ಲಿ ಮತ್ತೆ ಆ ಗೊಟ್ಟ.

"ಗಾಲಿಗೆ ಬ್ಯಾಡ ಅಂದಿ," ಎಂದರು. "ಎಲ್ಲೂ ಹಾಕಬಾರದೇನವ್ವಾ? ಕೈ ತಡ್ಯಾಂಗಿಲ್ಲ ನಂದು."

ನಾನು ಅವರನ್ನು ಗಾಡಿಯ ಪಕ್ಕಕ್ಕೆ ಕರೆದೊಯ್ದು ಕಿರುಚುವ ಬಾಗಿಲನ್ನು ಎಳೆದೆ. ಅದು ಎಂದಿನಂತೆ ಕಿರ್ರೆಂದಿತು. ಬಾಗಿಲು ಜಾರುವ ಕಂಬಿಯನ್ನು ಬೆರಳಿಟ್ಟು ತೋರಿಸಿದೆ. "ಇಲ್ಲಿ ಹಾಕ್ರಿ ಕಾಕಾ. ಎಷ್ಟರ ಹಾಕ್ರಿ, ಯಾವಾಗರ ಹಾಕ್ರಿ."

ಅವರು ಕೂಸಿಗೆ ಕುಡಿಸಿದ ಹಾಗೆ ಉದ್ದಕ್ಕೂ ಎಣ್ಣೆ ಬಿಟ್ಟರು. ಬಾಗಿಲನ್ನು ತಾವೇ ಎಳೆದು ನೋಡಿದರು, ತಳ್ಳಿ ನೋಡಿದರು. ಸದ್ದೇ ಇರಲಿಲ್ಲ. ಅವರ ಮುಖದಲ್ಲಿ ಬೆಳಗಿನಿಂದ ಇರದಿದ್ದ ನಗು ಬಂತು.

ಸ್ಕೂಟಿ ಚಾಲೂ ಮಾಡುವಾಗ ಅಡ್ಡ ಬಂದು ನಿಂತರು. "ಮತ್ತ ಯಾವಾಗ ಬರ್ತಿ?"

"ಗಾಡಿ ಕೆಟ್ಟಾಗ ಬರ್ತೇನ್ರಿ ಕಾಕಾ."

ಅವರು ತಲೆ ಅಲ್ಲಾಡಿಸಿ, ಗೊಟ್ಟದ ಬಾಯನ್ನು ಧೋತರದ ಚುಂಗಿನಿಂದ ಒರೆಸಿದರು.

"ಕೆಡಲಾರದನೂ ಬಾ," ಎಂದರು.